ಪಬ್ಲಿಕ್ ಗಾರ್ಡನ್ನಿನ ಕರಿ ಹಕ್ಕಿ: ನೀವು ನೋಡಿದ್ದು ಒಂದಲ್ಲ, ಮೂರು

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ದಿನಾ ಬೆಳಿಗ್ಗೆ ಆರಕ್ಕೆಲ್ಲ ಮೊಮ್ಮಗನ ಜೊತೆ ಪಬ್ಲಿಕ್ ಗಾರ್ಡನ್‌ಗೆ ವಾಕಿಂಗ್ ಹೋಗುತ್ತೇನೆ. ಕಿರಿಯ ಮಗ ಜರ್ಮನಿಯಲ್ಲಿದ್ದಾನೆ. ತನ್ನ ಮನೆ ಎದುರಿನ ಪಾರ್ಕಿನಲ್ಲಿ ಹಾಡುವ ಕಪ್ಪು ಹಕ್ಕಿಯ ವಿಡಿಯೋ ಕಳಿಸಿದ್ದ, ಅದರ ಹೆಸರು ಬ್ಲ್ಯಾಕ್‌ಬರ್ಡ್ ಅಂತೆ. ಮೈಯೆಲ್ಲ ಕಪ್ಪು, ಕೊಕ್ಕು ಮಾತ್ರ ಹಳದಿ. ಅದಾಗಿ ಒಂದು ವಾರಕ್ಕೆ ಗಾರ್ಡನ್ನಿನ ಹುಲ್ಲಿನ ಮೇಲೆ ಅಂಥದ್ದೇ ಒಂದು ಓಡಾಡುತ್ತಿತ್ತು. ಹಳದಿ ಕೊಕ್ಕು, ಕಣ್ಣಿನ ಸುತ್ತ ಹಳದಿ. ಮೊಮ್ಮಗ ‘ಆಯಿ, ಕಾಕಾ ಕಳಿಸಿದ ಹಕ್ಕಿ ಇದೇ ಅದ’ ಅಂತ ಕುಣಿದಾಡಿದ. ಮಗ ಬಳಸಿ ಕೊಟ್ಟ ಹಳೇ ಫೋನಿನಲ್ಲಿ ಹಕ್ಕಿ ಗುರುತಿಸುವ ಆ್ಯಪ್ ಇದೆ. ದೂರದಿಂದ ತೆಗೆದ ಫೋಟೋ ಹಾಕಿದರೆ ಅದೂ ‘ಕಾಮನ್ ಬ್ಲ್ಯಾಕ್‌ಬರ್ಡ್’ ಅಂತಲೇ ಹೇಳಿತು. ಎರಡು ದಿನ ಬಿಟ್ಟು ಅದೇ ಹಕ್ಕಿ ಕರೆಂಟ್ ತಂತಿ ಮೇಲೆ ಕೂತಿತ್ತು, ಬಾಲ ಮೀನಿನ ಬಾಲದಂತೆ ಸೀಳಿತ್ತು. ಇನ್ನೊಂದು ದಿನ ಬೇವಿನ ಮರದೊಳಗೆ ಕಂಡಾಗ ಕಣ್ಣು ಕೆಂಪಗಿತ್ತು, ನೋಡಿ ಸ್ವಲ್ಪ ಭಯವಾಯಿತು. ಮೊನ್ನೆ ಹುಣಸೆಮರದ ಹತ್ತಿರ ತಂತಿ ಮೇಲಿನದು ಹಾರಿಬಂದು ಮೊಮ್ಮಗನ ತಲೆಗೆ ಬಡಿದು ಹೋಯಿತು. ಜೊತೆಗೆ ವಾಕಿಂಗ್ ಬರುವವರೊಬ್ಬರು ಇದು ಶನಿ ಕಾಟ, ಶಾಂತಿ ಮಾಡಿಸಿ ಅಂತಾರೆ. ಇನ್ನೊಬ್ಬರು ಹವಾಮಾನ ಬದಲಾಗಿ ವಿದೇಶದ ಹಕ್ಕಿಗಳು ಇಲ್ಲಿಗೆ ಬರುತ್ತಿವೆ ಅಂತಾರೆ. ಇದು ಯಾವ ಹಕ್ಕಿ? ಅನ್ನ, ಬ್ರೆಡ್ ಹಾಕಬಹುದಾ? ಮಗ ಕಳಿಸಿದ ಹಾಡನ್ನು ಫೋನಿನಲ್ಲಿ ಹಾಕಿದರೆ ಹತ್ತಿರ ಬರುತ್ತದಾ? ಮೊಮ್ಮಗ ರಜೆಯ ಪ್ರಾಜೆಕ್ಟ್‌ನಲ್ಲಿ ‘ಕಲಬುರಗಿಯ ಬ್ಲ್ಯಾಕ್‌ಬರ್ಡ್’ ಅಂತ ಬರೆಯಲು ಕೂತಿದ್ದಾನೆ.

ಉತ್ತರ: ಅಕ್ಕೋರೇ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಜರ್ಮನಿಯ ಬ್ಲ್ಯಾಕ್‌ಬರ್ಡ್ ಕಲಬುರಗಿಗೆ ಬಂದಿಲ್ಲ. ನೀವು ಒಂದೇ ಹಕ್ಕಿಯನ್ನು ನಾಲ್ಕು ಸಲ ನೋಡಿಲ್ಲ, ಮೂರು ಬೇರೆ ಬೇರೆ ಹಕ್ಕಿಗಳನ್ನು ನೋಡಿದ್ದೀರಿ. ಹುಲ್ಲಿನ ಮೇಲೆ ಓಡಾಡಿದ್ದು ಗೊರವಂಕ, ಅಂದರೆ ನಮ್ಮ ಮೈನಾ. ತಂತಿ ಮೇಲಿನದು ಕಾಜಾಣ. ಬೇವಿನೊಳಗಿನ ಕೆಂಪು ಕಣ್ಣು ಗಂಡು ಕೋಗಿಲೆಯದು. ಮೂರೂ ಇಲ್ಲಿಯವೇ.

ಫೋಟೋ ನೋಡದೆ ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಅಂತ ಕೇಳಬಹುದು. ನೀವು ಬರೆದ ರೀತಿಯೇ ಅದಕ್ಕೆ ಕಾರಣ. ಒಂದು ಹುಲ್ಲಿನ ಮೇಲೆ ಓಡಾಡಿತು, ಒಂದು ತಂತಿ ಮೇಲೆ ಕೂತಿತು, ಒಂದು ಎಲೆಗಳ ನಡುವೆ ಅಡಗಿತು. ಹಳದಿ ಕೊಕ್ಕು, ಸೀಳು ಬಾಲ, ಕೆಂಪು ಕಣ್ಣು. ಇಷ್ಟನ್ನು ಗಮನಿಸುವವರು ಬಹಳ ಕಡಿಮೆ. ನಾನು ಎಷ್ಟೋ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೇನೆ. ಮಕ್ಕಳನ್ನು ಅಪ್ಪನ ಕೆರೆಗೆ ಕರೆದುಕೊಂಡು ಹೋಗಿ, ಕಂಡದ್ದನ್ನೆಲ್ಲ ಬರೆಯಿರಿ ಅಂದರೆ ಅರ್ಧ ಮಕ್ಕಳು ನೀರುಕಾಗೆಯನ್ನೂ ಕಾಗೆ ಅಂತಲೇ ಬರೆಯುತ್ತಿದ್ದರು. ಅದು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತಿತ್ತು. ಕಾಗೆ ಯಾವತ್ತಾದರೂ ಹಾಗೆ ಕೂರುತ್ತದಾ ಅಂತ ಕೇಳಿದ ಮೇಲೆ ಅವರಿಗೆ ಹೊಳೆಯುತ್ತಿತ್ತು. ಕಪ್ಪು ಕಂಡ ಕೂಡಲೇ ನಮ್ಮ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ. ನಿಮಗೂ ಆಗಿದ್ದು ಅದೇ. ಮೈನಾ ನಿಮಗೆ ಹೊಸದಲ್ಲ, ಜೀವನವಿಡೀ ನೋಡಿದ್ದೀರಿ. ಆದರೆ ಅವತ್ತು ಮಗನ ವಿಡಿಯೋ ಕಣ್ಣಲ್ಲೇ ಇತ್ತು, ಜೊತೆಗೆ ಮೊಮ್ಮಗನ ಕುಣಿದಾಟ, ಮೇಲೆ ಫೋನಿನ ಸಾಕ್ಷಿ. ಹಾಗಿದ್ದಾಗ ಯಾರಿಗಾದರೂ ಹಾಗೇ ಕಾಣುತ್ತದೆ.

ಮಗ ಕಳಿಸಿದ ಹಕ್ಕಿಯ ವಿಷಯ ಸ್ವಲ್ಪ ಹೇಳುತ್ತೇನೆ. ಜರ್ಮನ್ನರು ಅದಕ್ಕೆ ಆಮ್ಸೆಲ್ ಅಂತಾರೆ. ಮೈನಾಗಿಂತ ಹೆಚ್ಚೇನೂ ದೊಡ್ಡದಲ್ಲ, ಕೊಕ್ಕಿನಿಂದ ಬಾಲದ ತುದಿಗೆ 24-25 ಸೆಂಟಿಮೀಟರ್. ಗಂಡಿನ ಮೈ ಪೂರ್ತಿ ಕಪ್ಪು, ಕೊಕ್ಕು ಕಿತ್ತಳೆ-ಹಳದಿ, ಕಣ್ಣಿನ ಸುತ್ತ ತೆಳುವಾದ ಹಳದಿ ಬಳೆ. ಹೆಸರು ಬ್ಲ್ಯಾಕ್‌ಬರ್ಡ್ ಆದರೂ ಹೆಣ್ಣು ಕಪ್ಪಲ್ಲ, ಕಂದು. ಇದು ಮೊದಲು ಕಾಡಿನ ಹಕ್ಕಿಯಾಗಿತ್ತು, ಜನರನ್ನು ಕಂಡರೆ ಪೊದೆ ಸೇರುತ್ತಿತ್ತು. 19ನೇ ಶತಮಾನದಲ್ಲಿ ಯುರೋಪಿನ ಊರುಗಳ ಪಾರ್ಕು, ತೋಟಗಳಿಗೆ ಬಂದು ನೆಲೆಸಿತು. ಕತ್ತರಿಸಿದ ಹುಲ್ಲು, ತೇವದ ಮಣ್ಣು, ಅದರೊಳಗೆ ಎರೆಹುಳು, ಗೂಡಿಗೆ ಬೇಲಿಗಿಡ, ಎಲ್ಲ ಒಂದೇ ಕಡೆ ಸಿಕ್ಕಿತಲ್ಲ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಓರೆ ಮಾಡುತ್ತದೆ, ಹುಳು ಎಳೆಯುತ್ತದೆ. ಚಳಿ ಮುಗಿಯುವ ಹೊತ್ತಿಗೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಮಾಳಿಗೆಯ ತುದಿಯಲ್ಲಿ ಕೂತು ನಿಧಾನವಾಗಿ ಕೊಳಲಿನ ದನಿಯಲ್ಲಿ ಹಾಡುತ್ತದೆ. ಪರದೇಶದಲ್ಲಿ ಒಂಟಿಯಾಗಿರುವ ಹುಡುಗ ಆ ಹಾಡು ಕೇಳಿ ತಾಯಿಗೆ ಕಳಿಸಿದ್ದಾನೆ ಅಂದರೆ ನನಗೆ ಆಶ್ಚರ್ಯವಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲೂ ಬ್ಲ್ಯಾಕ್‌ಬರ್ಡ್ ಅನ್ನುವ ಹಕ್ಕಿ ಇದೆ, ಇಂಡಿಯನ್ ಬ್ಲ್ಯಾಕ್‌ಬರ್ಡ್. ಹಳೇ ಪುಸ್ತಕಗಳಲ್ಲಿ ಇದನ್ನು ಯುರೋಪಿನದರ ಉಪಜಾತಿ ಅಂತ ಸೇರಿಸುತ್ತಿದ್ದರು, ಈಗ ಬೇರೆ ಜಾತಿ ಅಂತ ಪರಿಗಣಿಸುತ್ತಾರೆ. ಅದೂ ಕಿತ್ತಳೆ ಕೊಕ್ಕಿನದೇ. ಆದರೆ ಪಶ್ಚಿಮ ಘಟ್ಟ, ನೀಲಗಿರಿ, ನಂದಿಬೆಟ್ಟದಂಥ ತಂಪು ಜಾಗದ ಹಕ್ಕಿ ಅದು. ಮರದ ನೆರಳು, ಕೊಳೆತ ಎಲೆಯ ಹಾಸು ಅದಕ್ಕೆ ಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿರುವ ನಮ್ಮೂರಿನ ಪಾರ್ಕಿನ ಹಕ್ಕಿ ಅಲ್ಲ.

ಹಾಗಾದರೆ ಫೋನ್ ಯಾಕೆ ಹಾಗೆ ಹೇಳಿತು? ಇಂಥ ಆ್ಯಪ್‌ಗಳು ಬರೀ ಫೋಟೋ ನೋಡಿ ಹೇಳುವುದಿಲ್ಲ. ಯಾವ ಊರು, ಯಾವ ತಿಂಗಳು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಗ ಜರ್ಮನಿಯಲ್ಲಿ ಬಳಸಿದ ಫೋನ್ ಅಲ್ವಾ, ಅದರಲ್ಲಿ ಊರು ಇನ್ನೂ ಜರ್ಮನಿ ಅಂತಲೇ ಉಳಿದಿರಬೇಕು. ದೂರದ ಮಸುಕು ಫೋಟೋದಲ್ಲಿ ಕಪ್ಪು ಮೈ, ಹಳದಿ ಕೊಕ್ಕು ಕಂಡಾಗ ಅಲ್ಲಿನ ಪಟ್ಟಿಯಲ್ಲಿ ಹತ್ತಿರದ ಹಕ್ಕಿ ಅದೇ. ಸೆಟ್ಟಿಂಗ್ಸ್‌ನಲ್ಲಿ ಜಾಗ ಬದಲಿಸಿ ಅದೇ ಫೋಟೋ ಮತ್ತೆ ಹಾಕಿ ನೋಡಿ. ಆ್ಯಪ್ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಅದು ಹೇಳಿದ ಹೆಸರನ್ನು ಕೊನೆಯ ಮಾತು ಅಂದುಕೊಳ್ಳಬಾರದು. ‘ಈ ಹಕ್ಕಿ ನಮ್ಮ ಜಿಲ್ಲೆಯಲ್ಲಿ ಇರುತ್ತದಾ?’ ಅಂತ ಒಂದು ಸಲ ಕೇಳಿಕೊಂಡರೆ ಎಷ್ಟೋ ತಪ್ಪು ಅಲ್ಲೇ ಸರಿಹೋಗುತ್ತದೆ.

ನಸುಕಿನ ಬೆಳಕಿನದ್ದೂ ಒಂದು ಪಾಲಿದೆ. ಬೆಳಕು ಕಮ್ಮಿ ಇದ್ದಾಗ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ, ಆಕಾರ ಮಾತ್ರ ಹಿಡಿಯುತ್ತದೆ. ಸೂರ್ಯನ ಕಡೆ ಮುಖ ಮಾಡಿ ನೋಡಿದರಂತೂ ಪಾರಿವಾಳವೂ ಕಪ್ಪೇ, ಗಿಳಿಯೂ ಕಪ್ಪೇ. ಆರಕ್ಕೆ ನೀವು ನೋಡಿದ ಮೈನಾದ ಕಂದು ಮೈ ಕಪ್ಪಾಗಿ ಕಂಡಿದ್ದು ಇದರಿಂದಲೇ. ಏಳರ ಹೊತ್ತಿಗೆ, ಸೂರ್ಯ ನಿಮ್ಮ ಬೆನ್ನಿಗೆ ಇರುವ ಹಾಗೆ ನಿಂತು ಅದೇ ಹುಲ್ಲನ್ನು ನೋಡಿ. ತಲೆ, ಕುತ್ತಿಗೆ ಕಪ್ಪು, ಮೈ ಕಾಫಿಪುಡಿ ಬಣ್ಣ, ಕಾಲು ಹಳದಿ. ಕಣ್ಣಿನ ಪಕ್ಕದ ಹಳದಿ ಬಣ್ಣ ಬ್ಲ್ಯಾಕ್‌ಬರ್ಡ್‌ನ ಬಳೆಯ ಹಾಗೆ ತೆಳುವಾಗಿರುವುದಿಲ್ಲ, ಬರಿಚರ್ಮದ ದೊಡ್ಡ ತೇಪೆಯ ಹಾಗಿರುತ್ತದೆ. ಹಾರಿದ ಕೂಡಲೇ ರೆಕ್ಕೆಯಲ್ಲಿ ಬಿಳಿ ಪಟ್ಟೆ ಮಿಂಚುತ್ತದೆ. ಬ್ಲ್ಯಾಕ್‌ಬರ್ಡ್ ರೆಕ್ಕೆಯಲ್ಲಿ ಬಿಳಿ ಇರುವುದಿಲ್ಲ. ಇನ್ನೂ ಸುಲಭದ ಗುರುತು ನಡಿಗೆ. ಮೈನಾ ನಮ್ಮ ಹಾಗೆ ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಇಟ್ಟು ಠೀವಿಯಿಂದ ನಡೆಯುತ್ತದೆ. ಬ್ಲ್ಯಾಕ್‌ಬರ್ಡ್ ಕುಪ್ಪಳಿಸುತ್ತದೆ, ಇಲ್ಲವೇ ದಡಬಡ ಓಡಿ ನಿಲ್ಲುತ್ತದೆ. ಮಗನ ವಿಡಿಯೋ ಮತ್ತೆ ಹಾಕಿ ಕಾಲು ಮಾತ್ರ ನೋಡಿ, ಮೊಮ್ಮಗನಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಒಂದು ಮಾತು ನೆನಪಾಯಿತು. ಈ ಎರಡೂ ಹಕ್ಕಿಗಳನ್ನು ಮನುಷ್ಯರೇ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಒಯ್ದರು, ಯುರೋಪಿನ ಬ್ಲ್ಯಾಕ್‌ಬರ್ಡ್ 1850ರ ದಶಕದಲ್ಲಿ, ನಮ್ಮ ಮೈನಾ 1860ರ ದಶಕದಲ್ಲಿ. ಅಲ್ಲಿ ಮೈನಾ ಎಷ್ಟು ಹೆಚ್ಚಾಯಿತೆಂದರೆ ಸ್ಥಳೀಯ ಹಕ್ಕಿಗಳ ಪೊಟರೆಗಳನ್ನೆಲ್ಲ ಕಿತ್ತುಕೊಂಡಿತು, ಈಗ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹಾಗಾಗಿ ಮೆಲ್ಬರ್ನ್ ಪಾರ್ಕಿನಲ್ಲಿ ನಿಂತವರಿಗೆ ನಿಮ್ಮ ಪ್ರಶ್ನೆ ನಿಜಕ್ಕೂ ಕಷ್ಟದ್ದು, ಅಲ್ಲಿ ಎರಡೂ ಒಂದೇ ಹುಲ್ಲಿನ ಮೇಲೆ ಇರಬಹುದು. ಕಲಬುರಗಿಯಲ್ಲಿ ಆ ತೊಂದರೆ ಇಲ್ಲ.

ಈಗ ಕಾಜಾಣ. ತಲೆಗೆ ಬಡಿದದ್ದು ಇದೇ ಆದ್ದರಿಂದ ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಮತ್ತೆ ಇದು ನನಗೆ ಬಹಳ ಪ್ರೀತಿಯ ಹಕ್ಕಿ. ಹೊಳೆಯುವ ಕಪ್ಪು ಮೈ, ಉದ್ದ ಬಾಲ, ತುದಿಯಲ್ಲಿ ಆಳವಾದ ಸೀಳು. ಬಾಲ ಸೇರಿ 28 ಸೆಂಟಿಮೀಟರ್‌ನಷ್ಟು ಉದ್ದ, ಆದರೆ ಮೈ ಸಣ್ಣದು. ಹತ್ತಿರದಿಂದ ಸಿಕ್ಕರೆ ಬಾಯಿಯ ಮೂಲೆಯಲ್ಲಿ ಸಣ್ಣ ಬಿಳಿ ಚುಕ್ಕೆ ಕಾಣುತ್ತದೆ. ಮರಿಗಳಲ್ಲಿ ಮತ್ತು ಗರಿ ಉದುರುವ ಕಾಲದಲ್ಲಿ ಬಾಲದ ಸೀಳು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಕೂರುವ ರೀತಿಯನ್ನೂ ನೋಡಬೇಕು. ಇದು ಯಾವಾಗಲೂ ಬಯಲಲ್ಲಿ, ಎಲ್ಲ ಕಾಣುವ ಜಾಗದಲ್ಲಿ ಕೂರುತ್ತದೆ. ತಂತಿ, ಒಣ ಕೊಂಬೆ, ಬೇಲಿ ಕಂಬ, ಎಮ್ಮೆಯ ಬೆನ್ನು. ಅಲ್ಲಿಂದ ಜುಂಯ್ ಅಂತ ಇಳಿದು ಹುಳ ಹಿಡಿದು, ತಿರುಗಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತಿನ ಹಿಂದೆಯೇ ಬರುತ್ತದೆ, ಮಣ್ಣು ಕೆದಕಿದಾಗ ಏಳುವ ಹುಳಗಳಿಗಾಗಿ. ಸಂಜೆ ಬೀದಿದೀಪದ ಕೆಳಗೂ ಬೇಟೆ ಆಡುತ್ತಿರುತ್ತದೆ.

ತೊಗರಿ ಬೆಳೆಯುವ ಜಿಲ್ಲೆಯವರಿಗೆ ಈ ಹಕ್ಕಿ ಬರೀ ನೋಡುವ ಹಕ್ಕಿ ಅಲ್ಲ. ತೊಗರಿ, ಕಡಲೆಗೆ ಬೀಳುವ ಕಾಯಿಕೊರಕ ಹುಳುವನ್ನು ಆರಿಸಿ ತಿನ್ನುವವುಗಳಲ್ಲಿ ಕಾಜಾಣ ಮುಖ್ಯ. ಅದು ಕೂತು ನೋಡಲಿ ಅಂತಲೇ ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡಿ ಅಂತ ಕೃಷಿ ಇಲಾಖೆಯವರು ಹೇಳುವುದು. ಬಿತ್ತುವಾಗ ಬೀಜದ ಜೊತೆ ಒಂದಿಷ್ಟು ಜೋಳ ಬೆರೆಸುವ ರೂಢಿಯೂ ಇದಕ್ಕೇ, ಎತ್ತರ ಬೆಳೆದ ಜೋಳದ ದಂಟೇ ಹಕ್ಕಿಗೆ ಪೀಠ. ನಿಮ್ಮ ಪರಿಚಯದ ರೈತರನ್ನು ಕೇಳಿ ನೋಡಿ.

ತಲೆಗೆ ಯಾಕೆ ಬಡಿಯಿತು? ಆ ಹುಣಸೆಮರದಲ್ಲಿ ಗೂಡು ಇದೆ, ಬೇರೇನೂ ಅಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಾಜಾಣ ಗೂಡು ಕಟ್ಟುವ ಕಾಲ. ಕೊಂಬೆ ಕವಲೊಡೆದ ಕಡೆ ಬಟ್ಟಲಿನಂಥ ತೆರೆದ ಗೂಡು, ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ. ಮುಚ್ಚಳವಿಲ್ಲದ ಗೂಡು ಆದ್ದರಿಂದ ಕಾಯುವುದೊಂದೇ ದಾರಿ. ಕಾಗೆ, ಹದ್ದು, ಬೆಕ್ಕು, ಮನುಷ್ಯ, ಯಾರು ಬಂದರೂ ಬಿಡುವುದಿಲ್ಲ. ತನಗಿಂತ ಎಷ್ಟೋ ಪಟ್ಟು ದೊಡ್ಡ ಹದ್ದಿನ ಬೆನ್ನು ಹತ್ತಿ ಕುಕ್ಕಿ ಊರಾಚೆ ಅಟ್ಟುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹಿಂದಿಯಲ್ಲಿ ಇದಕ್ಕೆ ಕೊತ್ವಾಲ, ಅಂದರೆ ಊರು ಕಾಯುವ ಅಧಿಕಾರಿ, ಅಂತ ಹೆಸರಿರುವುದು ಸುಮ್ನೆ ಅಲ್ಲ. ಈ ಕೊತ್ವಾಲನ ಕಾವಲು ನಂಬಿ ಬೆಳವ, ಪಿಕಳಾರದಂಥ ಬಡಪಾಯಿ ಹಕ್ಕಿಗಳು ಅದೇ ಮರದಲ್ಲಿ ಗೂಡು ಕಟ್ಟುತ್ತವೆ.

ಶನಿ ಕಾಟದ ಮಾತಿಗೆ ಬರುತ್ತೇನೆ. ಕಾಗೆ ತಲೆ ಮುಟ್ಟಿದರೆ ಕೆಡುಕು ಅನ್ನುವ ನಂಬಿಕೆ ನಮ್ಮ ಕಡೆ ಹಳೆಯದು, ಹೇಳಿದವರ ಮನಸ್ಸಿನಲ್ಲಿ ನಿಮ್ಮ ಮೇಲಿನ ಕಾಳಜಿಯೇ ಇರುತ್ತದೆ. ಆದರೆ ಇದು ಕಾಗೆಯೂ ಅಲ್ಲ, ಶಕುನವೂ ಅಲ್ಲ. ಶಾಂತಿ ಮಾಡಿಸುವುದು ಬಿಡುವುದು ನಿಮ್ಮ ಮನೆಯ ವಿಷಯ, ಅದರಿಂದ ಹಕ್ಕಿಗೇನೂ ತೊಂದರೆ ಇಲ್ಲ. ನನಗೆ ಚಿಂತೆ ಇರುವುದು ಬೇರೆ. ಇಂಥ ಮಾತು ಹಬ್ಬಿದಾಗ ಯಾರೋ ಒಬ್ಬರು ಕೋಲು ತಂದು ಗೂಡು ಕೆಡವುತ್ತಾರೆ, ಇಲ್ಲ ಮಾಲಿಗೆ ಹೇಳಿ ಕೊಂಬೆ ಕಡಿಸುತ್ತಾರೆ. ದಯವಿಟ್ಟು ಹಾಗಾಗಲು ಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ ಕೂಡ. ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವ ತನಕ ಹೆಚ್ಚು ಕಡಿಮೆ ಒಂದು ತಿಂಗಳು. ಅಷ್ಟು ದಿನ ಆ ಮರ ಬಿಟ್ಟು ಬೇರೆ ದಾರಿಯಲ್ಲಿ ನಡೆಯಿರಿ. ಬೇರೆ ದಾರಿ ಇಲ್ಲದಿದ್ದರೆ ಹುಡುಗನಿಗೆ ಟೋಪಿ ಹಾಕಿ, ನೀವು ಕೊಡೆ ಹಿಡಿಯಿರಿ, ನಿಲ್ಲದೆ ದಾಟಿಬಿಡಿ. ಅದರ ಏಟಿಗೆ ದೊಡ್ಡ ಗಾಯವಾಗುವುದಿಲ್ಲ, ಆದರೆ ಹುಡುಗ ಆ ಮರದ ಕೆಳಗೆ ನಿಂತು ಮೇಲೆ ನೋಡಬಾರದು, ಕಣ್ಣಿನ ವಿಷಯ. ಕಲ್ಲು ಬೀಸಿದರೆ ಇನ್ನೂ ಜೋರಾಗಿ ಬರುತ್ತದೆ.

ಇನ್ನು ಕೆಂಪು ಕಣ್ಣು. ಅಕ್ಕೋರೇ, ಅದಕ್ಕೆ ಹೆದರಬೇಡಿ. ನೀವು ಎಷ್ಟೋ ವರ್ಷ ಮಕ್ಕಳಿಗೆ ಪದ್ಯದಲ್ಲಿ ಹೇಳಿಕೊಟ್ಟ ಕೋಗಿಲೆಯೇ ಅದು. ದನಿ ಎಲ್ಲರಿಗೂ ಗೊತ್ತು, ಮುಖ ನೋಡಿದವರು ಕಮ್ಮಿ. ಯಾಕೆಂದರೆ ಅದು ದಟ್ಟ ಎಲೆಗಳ ಒಳಗೇ ಇರುತ್ತದೆ, ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಕಾಗೆಗಿಂತ ತೆಳ್ಳಗೆ, ಬಾಲ ಉದ್ದ, ಕಪ್ಪಿನಲ್ಲಿ ನೀಲಿ ಹೊಳಪು, ಕೊಕ್ಕು ಮಾಸಲು ಹಸಿರು, ಕಣ್ಣು ದಾಳಿಂಬೆ ಕಾಳಿನ ಕೆಂಪು. ಇದು ಗಂಡು. ಹೆಣ್ಣು ಕೋಗಿಲೆ ಕಪ್ಪಲ್ಲ, ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟೆ. ಅದನ್ನು ನೋಡಿ ಬಹಳ ಜನ ಗಿಡುಗ ಅಂದುಕೊಳ್ಳುತ್ತಾರೆ. ನಮ್ಮ ಹಾಡು, ಕವಿತೆಗಳಲ್ಲಿ ಹಾಡುವುದು ಹೆಣ್ಣು ಅಂತ ಇರುತ್ತದೆ, ಆದರೆ ಕುಹೂ ಕುಹೂ ಅಂತ ಏರುತ್ತಾ ಹೋಗುವ ದನಿ ಗಂಡಿನದು. ಹೆಣ್ಣಿನ ಕೂಗು ಕಿಕ್-ಕಿಕ್-ಕಿಕ್ ಅಂತ ಗಡಿಬಿಡಿಯದು. ಬೇಸಿಗೆಗೆ ಎಲ್ಲಿಂದಲೋ ಬರುತ್ತದೆ ಅನ್ನುವುದೂ ಹೆಚ್ಚುಕಡಿಮೆ ತಪ್ಪೇ. ಚಳಿಗಾಲದಲ್ಲೂ ಇಲ್ಲೇ ಇರುತ್ತದೆ, ಕೂಗುವುದಿಲ್ಲ ಅಷ್ಟೇ.

ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವುದು ಮಾತ್ರ ಪೂರ್ತಿ ನಿಜ, ಮತ್ತು ಅದನ್ನು ನೀವು ಕಣ್ಣಾರೆ ನೋಡಬಹುದು. ಗಂಡು ಕೋಗಿಲೆ ಕಾಗೆ ಗೂಡಿನ ಹತ್ತಿರ ಬಂದು ಕೂಗಿ ಕಾಗೆಗಳನ್ನು ಕೆರಳಿಸುತ್ತದೆ. ಕಾಗೆಗಳು ಅಟ್ಟಿಸಿಕೊಂಡು ಹೋದಾಗ ಹೆಣ್ಣು ಮೆಲ್ಲಗೆ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಕೋಗಿಲೆ ಮೊಟ್ಟೆ ಕಾಗೆಯದಕ್ಕಿಂತ ಎರಡು ಮೂರು ದಿನ ಮೊದಲೇ ಒಡೆಯುತ್ತದೆ. ಯುರೋಪಿನ ಕುಕೂ ಹಕ್ಕಿಯ ಮರಿ ಗೂಡಿನಲ್ಲಿರುವ ಉಳಿದ ಮೊಟ್ಟೆಗಳನ್ನು ಹೊರಗೆ ನೂಕುತ್ತದೆ, ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಕಾಗೆ ಮರಿಗಳ ಜೊತೆಯೇ ಬೆಳೆಯುತ್ತದೆ. ಜೂನ್, ಜುಲೈನಲ್ಲಿ ಗಾರ್ಡನ್ನಿನಲ್ಲಿ ಕಾಗೆಯೊಂದು ತನ್ನ ಹಾಗಿಲ್ಲದ ಮರಿಗೆ ಗುಟುಕು ಕೊಡುವುದು ಕಂಡರೆ ಅದೇ ಇದು.

ಉಳಿದ ಕಪ್ಪು ಹಕ್ಕಿಗಳನ್ನೂ ಬೇಗ ಹೇಳಿಬಿಡುತ್ತೇನೆ, ನಾಳೆ ಮೊಮ್ಮಗ ಅವುಗಳ ಬಗ್ಗೆಯೂ ಕೇಳುತ್ತಾನೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಕಲ್ಲು, ಗೋಡೆ, ನೆಲದ ಮೇಲೆ ಬಾಲ ನೆಟ್ಟಗೆ ಎತ್ತಿಕೊಂಡು ಓಡಾಡಿದರೆ ಇಂಡಿಯನ್ ರಾಬಿನ್. ಬಾಲದ ಬುಡದಲ್ಲಿ ಇಟ್ಟಿಗೆ ಕೆಂಪು, ಭುಜದಲ್ಲಿ ಬಿಳಿ ಗೆರೆ. ಕೋಟೆಯ ಪಾಳುಗೋಡೆಯಂಥ ಜಾಗ ಇದಕ್ಕೆ ಇಷ್ಟ. ಕಪ್ಪು ಬಿಳಿ ಎರಡೂ ಎದ್ದು ಕಾಣುತ್ತಾ ಚೆನ್ನಾಗಿ ಹಾಡಿದರೆ ಮಡಿವಾಳ ಹಕ್ಕಿ. ಹೆಬ್ಬೆರಳಿನಷ್ಟು ಮೈ, ಬಾಗಿದ ಕೊಕ್ಕು, ದಾಸವಾಳದ ಮೇಲೆ ಕೂತಿದ್ದರೆ ಸೂರಕ್ಕಿ, ಬಿಸಿಲಲ್ಲಿ ನೇರಳೆ ಹೊಳೆಯುತ್ತದೆ. ಕಾಗೆಯಷ್ಟು ದೊಡ್ಡದು, ರೆಕ್ಕೆ ಮಾತ್ರ ಕಂದುಗೆಂಪು, ಪೊದೆಯೊಳಗಿಂದ ಊಪ್ ಊಪ್ ಅಂದರೆ ಕೆಂಬೂತ. ಇದರ ಕಣ್ಣೂ ಕೆಂಪೇ, ಆದರೆ ಇದು ನೆಲದ ಮೇಲೆ ನಡೆಯುತ್ತದೆ, ಕೋಗಿಲೆಯಂತೆ ಮರದಲ್ಲಿ ಅಡಗುವುದಿಲ್ಲ.

ವಿದೇಶಿ ಹಕ್ಕಿ ಬರುತ್ತಿವೆ ಅಂದವರ ಮಾತಿನಲ್ಲೂ ಒಂದು ನಿಜವಿದೆ. ಹವಾಮಾನ ಬದಲಾದಂತೆ ಕೆಲವು ಹಕ್ಕಿಗಳ ನೆಲೆ ಸರಿಯುತ್ತಿರುವುದು ಹೌದು. ಆದರೆ ಬ್ಲ್ಯಾಕ್‌ಬರ್ಡ್ ಹಾಗೆ ಇಲ್ಲಿಗೆ ಬರುತ್ತಿಲ್ಲ, ಚಳಿಗೆ ಅದು ವಲಸೆ ಹೋದರೂ ಯುರೋಪಿನ ಬೆಚ್ಚನೆಯ ಕಡೆಗೆ, ಅದರ ಅಕ್ಕಪಕ್ಕಕ್ಕೆ ಹೋಗುತ್ತದೆ. ನಮ್ಮ ಕಡೆಗೆ ದೂರದಿಂದ ಬರುವ ಹಕ್ಕಿ ಬೇಕೆಂದರೆ ಚಳಿಗಾಲದಲ್ಲಿ ಜೋಳದ ಹೊಲಕ್ಕೆ ಹೋಗಿ. ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾ ಕಡೆಯಿಂದ ಬರುತ್ತವೆ, ತಲೆ, ರೆಕ್ಕೆ, ಬಾಲ ಕಪ್ಪು, ಮೈ ಗುಲಾಬಿ. ಸಂಜೆ ನೂರಾರು ಒಟ್ಟಿಗೆ ಆಕಾಶದಲ್ಲಿ ಸುತ್ತುವಾಗ ಕಪ್ಪು ಮೋಡದ ಹಾಗೆ ಕಾಣುತ್ತವೆ. ಜೋಳ ತಿನ್ನುತ್ತವೆ ಅಂತ ರೈತರಿಗೆ ಸಿಟ್ಟು, ಅದು ನ್ಯಾಯವಾದದ್ದೇ. ಮಿಡತೆಗಳನ್ನೂ ಅಷ್ಟೇ ತಿನ್ನುತ್ತವೆ ಅನ್ನುವುದೂ ನಿಜ.

ಗುರುತು ಹಿಡಿಯುವಾಗ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟು. ಬಣ್ಣವನ್ನು ಕೊನೆಗೆ ಬರೆಯಿರಿ. ಮೊದಲು ಗಾತ್ರ: ಗುಬ್ಬಿಯಷ್ಟಾ, ಮೈನಾದಷ್ಟಾ, ಕಾಗೆಯಷ್ಟಾ? ಆಮೇಲೆ ಎಲ್ಲಿತ್ತು, ಏನು ಮಾಡುತ್ತಿತ್ತು, ನಡೆಯಿತಾ ಕುಪ್ಪಳಿಸಿತಾ, ಬಾಲ ಹೇಗಿತ್ತು. ಇಷ್ಟು ಬರೆದ ಮೇಲೆ ಎಷ್ಟೋ ಸಲ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಬೈನಾಕ್ಯುಲರ್ ಕೊಳ್ಳುವುದಿದ್ದರೆ 8×40 ಅಥವಾ 8×42 ಸಾಕು, ಜಾಸ್ತಿ ದೊಡ್ಡದು ತೆಗೆದುಕೊಂಡರೆ ಕೈ ನಡುಗಿ ಏನೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ಎಂಟೂವರೆ ಆದರೆ ಹಕ್ಕಿಗಳೂ ನೆರಳು ಸೇರುತ್ತವೆ, ನೀವೂ ಮನೆ ಸೇರಿ. ಕಂಡ ಪಟ್ಟಿಯನ್ನು ಇಬರ್ಡ್‌ನಲ್ಲಿ, ಅಂದರೆ ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣದಲ್ಲಿ, ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ಕಲಬುರಗಿಯಿಂದ ‘ಕಾಮನ್ ಬ್ಲ್ಯಾಕ್‌ಬರ್ಡ್’ ಅಂತ ಹಾಕಿದರೆ ಪರಿಶೀಲಿಸುವವರು ಫೋಟೋ ಕೇಳುತ್ತಾರೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಖಚಿತ ಇಲ್ಲದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ತುಂಬ ಹಕ್ಕಿ ಎಣಿಸುತ್ತಾರೆ, 2013ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ಮೊಮ್ಮಗನಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಅನ್ನ, ಬ್ರೆಡ್ ಹಾಕಬಹುದಾ ಅಂದಿರಿ. ಬೇಡ ಅಂತ ನನ್ನ ಅಭಿಪ್ರಾಯ. ಕಾಜಾಣ ಹುಳ ತಿನ್ನುತ್ತದೆ, ಕೋಗಿಲೆ ಮುಖ್ಯವಾಗಿ ಆಲ, ಅರಳಿ, ಅತ್ತಿಯಂಥ ಹಣ್ಣು ತಿನ್ನುತ್ತದೆ, ನಿಮ್ಮ ಬ್ರೆಡ್ ಎರಡಕ್ಕೂ ಬೇಡ. ಬರುವುದು ಕಾಗೆ, ಪಾರಿವಾಳ, ಮೈನಾ. ಕಾಗೆ ಒಂದು ಕಡೆ ಜಾಸ್ತಿ ಸೇರಿದರೆ ಸುತ್ತಲಿನ ಸಣ್ಣ ಹಕ್ಕಿಗಳ ಮೊಟ್ಟೆ, ಮರಿ ಉಳಿಯುವುದಿಲ್ಲ. ಚುರುಮುರಿ, ಮಿಕ್ಸ್ಚರ್‌ನ ಉಪ್ಪು, ಎಣ್ಣೆಯಂತೂ ಯಾವ ಹಕ್ಕಿಗೂ ಒಳ್ಳೆಯದಲ್ಲ. ನೀರು ಇಡಿ, ಅದು ಈ ಬಿಸಿಲಲ್ಲಿ ನಿಜಕ್ಕೂ ಉಪಕಾರ. ಮಣ್ಣಿನ ಅಗಲ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನೆರಳಲ್ಲಿ, ಬೆಕ್ಕು ಅಡಗಲು ಪೊದೆ ಇಲ್ಲದ ಕಡೆ. ದಿನಾ ತಿಕ್ಕಿ ತೊಳೆಯಲೇಬೇಕು. ಹಳಸಿದ ನೀರಿನಲ್ಲಿ ಹತ್ತಾರು ಹಕ್ಕಿ ಬಾಯಿ ಹಾಕಿದರೆ ಒಂದರ ರೋಗ ಎಲ್ಲಕ್ಕೂ ಬರುತ್ತದೆ. ದಿನಾ ತೊಳೆಯಲು ಆಗದಿದ್ದರೆ ಇಡದೇ ಇರುವುದು ಮೇಲು.

ಫೋನಿನಲ್ಲಿ ಹಾಡು ಹಾಕುವುದು. ಜರ್ಮನಿಯ ಹಾಡಿಗೆ ಇಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ. ಕೋಗಿಲೆ, ಕಾಜಾಣದ ದನಿ ಹಾಕಿದರೆ ಬರುತ್ತವೆ, ಖಂಡಿತ ಬರುತ್ತವೆ. ಆದರೆ ಸಂತೋಷಕ್ಕಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂದುಕೊಂಡು ಜಗಳಕ್ಕೆ ಬರುತ್ತವೆ. ಗೂಡಿನಲ್ಲಿ ಮೊಟ್ಟೆ, ಮರಿ ಇರುವ ಕಾಲದಲ್ಲಿ ಕಾಜಾಣ ಅವನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯುತ್ತದೆ, ಆ ಹೊತ್ತಿಗೆ ಕಾಗೆ ತನ್ನ ಕೆಲಸ ಮುಗಿಸುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಕೇಳಿ ಕಲಿಯಲು ಹಾಡು ಬಳಸಿ, ಮರದ ಕೆಳಗೆ ಬೇಡ. ಗೂಡಿನ ಫೋಟೋ ಕೂಡ ಇದೇ ಲೆಕ್ಕ. ದೂರದಿಂದ ಜೂಮ್ ಮಾಡಿ ತೆಗೆದರೆ ಸಾಕು, ಕೊಂಬೆ ಸರಿಸಿ ತೆಗೆಯಬಾರದು.

ಪ್ರಾಜೆಕ್ಟ್ ವಿಷಯ. ಹುಡುಗ ಬರೆದದ್ದನ್ನು ಹರಿಯಬೇಡಿ. ಮೊದಲ ಪುಟದಲ್ಲಿ ‘ನಾನು ಇದನ್ನು ಬ್ಲ್ಯಾಕ್‌ಬರ್ಡ್ ಅಂದುಕೊಂಡೆ’ ಅಂತ ಇರಲಿ. ಎರಡನೇ ಪುಟದಲ್ಲಿ ಮೂರು ಹಕ್ಕಿಗಳ ಚಿತ್ರ ಬರೆದು, ಯಾವುದು ಎಲ್ಲಿ ಕೂತಿತ್ತು, ಹೇಗೆ ನಡೆಯಿತು ಅಂತ ಬರೆಯಲಿ. ಪ್ರಾಜೆಕ್ಟಿನ ಹೆಸರು ‘ಪಬ್ಲಿಕ್ ಗಾರ್ಡನ್ನಿನ ಕಪ್ಪು ಹಕ್ಕಿಗಳು’ ಅಂತ ಆಗಲಿ. ಅವನ ಕಾಕಾನಿಗೂ ಒಂದು ಕೆಲಸ ಕೊಡಿ. ಅಲ್ಲಿ ಆ ಕಪ್ಪು ಗಂಡಿನ ಹತ್ತಿರವೇ ಎಲ್ಲೋ ಪೊದೆಯ ಬುಡದಲ್ಲಿ ಕಂದು ಹೆಣ್ಣು ಎಲೆ ಕೆದಕುತ್ತಿರುತ್ತದೆ, ಅದರ ವಿಡಿಯೋ ಕಳಿಸಲಿ. ಬದಲಿಗೆ ನೀವು ಇಲ್ಲಿಂದ ಕಾಜಾಣ ಹದ್ದನ್ನು ಅಟ್ಟುವುದನ್ನು ಕಳಿಸಿ. ಹುಣಸೆಮರದ ಎದುರು ಸಂಜೆ ಐದರ ಮೇಲೆ ಒಂದರ್ಧ ಗಂಟೆ ಕೂತರೆ ಸಿಗುತ್ತದೆ, ಮರದಿಂದ ಒಂದು ಮೂವತ್ತು ಹೆಜ್ಜೆ ದೂರ ಇರಿ.